ಹನ್ನೊಂದು ನಿಮಿಷ

ನಾನು ಐದಡಿ ಒಂದಂಗುಲ, ಹಾಲೇಶ ಆರಡಿ ಆರು.
ಅವನಿಗೆ ಅಡ್ಡ ನಿಲ್ಲಲು ಮನೆಯಿಂದ
ಜೇಡರ ಬಲೆ ತೆಗೆಯುವ ಕೋಲು ತಂದಿದ್ದೇನೆ.
ಅವನು ಎಸೆಯುತ್ತಾನೆ, ನಾನು ಕೋಲೆತ್ತುತ್ತೇನೆ,
ತುದಿಯ ಪೊರಕೆ ಚೆಂಡಿಗೆ ತಗುಲಿ
ಧೂಳು ಉದುರುತ್ತದೆ ಇಬ್ಬರ ತಲೆಗೂ.
ಬೇಲಿಯಾಚೆ ವಾಕಿಂಗ್ ಬಂದವರು ನಿಂತು ನಗುತ್ತಾರೆ.

ಇಷ್ಟು ದಿನ ಅವನ ಎತ್ತರಕ್ಕಿದ್ದ ಕೆಲಸ:
ಅಟ್ಟದ ಹಂಡೆ ಇಳಿಸುವುದು,
ಶಾಲೆಯ ಟ್ಯೂಬ್‌ಲೈಟಿನ ಸ್ಟಾರ್ಟರ್ ತಿರುಗಿಸುವುದು,
ಗುಂಪು ಫೋಟೋದಲ್ಲಿ ಹಿಂದಿನ ಸಾಲು,
‘ಮೇಲೆ ಮಳೆ ಶುರುವಾಯ್ತೇನೋ’ ಎಂಬ ಮಾತಿಗೆ
ಪ್ರತಿಸಲವೂ ಹೊಸದಾಗಿ ಕೇಳಿದವನಂತೆ ನಗುವುದು.
ಹದಿನಾರು ವರ್ಷ ಬಾಗಿಲುಗಳು ಅವನಿಗೆ ಕಲಿಸಿದ್ದು ಒಂದೇ,
ತಲೆ ತಗ್ಗಿಸು.

ಬಾಗು, ಎಂದೆ ಮೊದಲ ದಿನ. ಕುತ್ತಿಗೆ ಬಾಗಿಸಿದ.
ಅದಲ್ಲ ಮಾರಾಯ, ಮಂಡಿ.
ಕುತ್ತಿಗೆ ಬಾಗಿದರೆ ನಿನ್ನ ಶೂ ಕಾಣುತ್ತದೆ,
ಮಂಡಿ ಬಾಗಿದರೆ ಇಡೀ ಅಂಗಳ.

ಆಮೇಲೆ ಮೂರು ತಿಂಗಳು ಬರೀ ಪಾದ.
ಸೀಮೆಸುಣ್ಣದಲ್ಲಿ ನೆಲದ ಮೇಲೆ ಹೆಜ್ಜೆ ಬರೆದೆ.
ಎಡಗಾಲು ಕಣದ ಮೇಟಿ, ಅದು ಕದಲಬಾರದು,
ಬಲಗಾಲು ಎತ್ತಿನ ಹಾಗೆ, ಬೇಕಾದಷ್ಟು ಸುತ್ತಲಿ.
ಅಜ್ಜ ಕಣ ಮಾಡಿದ್ದನ್ನು ನೋಡಿದ್ದನಂತೆ, ತಟ್ಟನೆ ಹಿಡಿದ.
ಎಡಗೈಗೆ ಬುದ್ಧಿ ಬರಲೆಂದು
ಟೀ ಲೋಟ ಅದರಲ್ಲೇ ಹಿಡಿ ಎಂದರೆ
‘ಅವ್ವ ಬೈತಾಳೆ ಮೇಡಂ’ ಎಂದ.
ಅವ್ವನಿಗೆ ನಾನೇ ಹೋಗಿ ಹೇಳಿದೆ.
ಬೈದಳು, ನನ್ನನ್ನೂ ಸೇರಿಸಿ.

ಮೊದಲ ಪಂದ್ಯ, ನಾಲ್ಕು ನಿಮಿಷ.
ಮೂರು ಫೌಲು, ಒಂದು ರೀಬೌಂಡು,
ಅದೂ ತಾನಾಗಿ ಬಂದು ಕೈಯಲ್ಲಿ ಕೂತದ್ದು.
ಎರಡನೆಯದು ಆರು.
ಮೂರನೆಯದು ಮತ್ತೆ ನಾಲ್ಕು, ಆ ದಿನ ಕುಂಟುತ್ತಿದ್ದ.
ನೋಟುಬುಕ್ಕಿನಲ್ಲಿ ಬರೆದಿಡುತ್ತೇನೆ, ಕಿರಾಣಿ ಲೆಕ್ಕದ ಪಕ್ಕದಲ್ಲೇ.
ಕಮಿಟಿಯ ಗುರುಬಸಪ್ಪನವರು ಕೇಳಿದರು,
‘ಅಷ್ಟುದ್ದದ ಆಳನ್ನ ಬೆಂಚಿನ ಮೇಲೆ ಇಟ್ಕೊಂಡು
ಏನ್ಮಾಡ್ತೀರಮ್ಮ, ಉಪ್ಪಿನಕಾಯಿ ಹಾಕ್ತೀರಾ?’
ಹೌದು ಸಾರ್. ಅಪ್ಪೆಮಿಡಿ ಮೊದಲು ಉಪ್ಪಿನಲ್ಲಿ ಚಿರುಟಬೇಕು.
ಖಾರದ ಮಾತು ಆಮೇಲೆ.

ಅವರಿಗೆ ಹೇಳದ್ದು:
ಒಂದೇ ವರ್ಷದಲ್ಲಿ ನಾಲ್ಕಂಗುಲ ಬೆಳೆದ ಮೂಳೆ ಅದು,
ರಾತ್ರಿ ಮಂಡಿ ಉರಿದು ಹುಡುಗ
ತಣ್ಣನೆಯ ಗೋಡೆಗೆ ಕಾಲು ಕೊಟ್ಟು ಮಲಗುತ್ತಾನೆ.

ಯಾರಿಗೂ ಹೇಳದ್ದು:
ಹನ್ನೆರಡು ವರ್ಷದ ಹಿಂದೆ ಟಿಪ್ಪುನಗರದ ಮುನಾಫ್, ಆರಡಿ ಐದು.
ಗೆಲ್ಲುವ ಹಸಿವಿತ್ತು, ಅವನಿಗಲ್ಲ, ನನಗೆ.
ನಲವತ್ತಕ್ಕೆ ನಲವತ್ತು ನಿಮಿಷ ಆಡಿಸಿದೆ,
ಭಾನುವಾರ ಎರಡೆರಡು ಪಂದ್ಯ.
ಕಪ್ ಬಂತು. ಎರಡನೇ ಕಪ್ ಬರುವ ಮೊದಲು
ಮಂಡಿಯೊಳಗೆ ಹಸಿ ಕೊಂಬೆ ಮುರಿದ ಸದ್ದು,
ಅಷ್ಟು ಗದ್ದಲದ ನಡುವೆಯೂ ಬೆಂಚಿಗೆ ಕೇಳಿಸಿತು.
ಈಗ ಬಿ.ಎಚ್. ರಸ್ತೆಯಲ್ಲಿ ಆಟೋ ಓಡಿಸುತ್ತಾನೆ,
ಕಾಲು ಹಿಡಿಸಲೆಂದು ಸೀಟು ಹಿಂದಕ್ಕೆ ಸರಿಸಿ ಕೂರಿಸಿಕೊಂಡಿದ್ದಾನೆ.
ನನ್ನಿಂದ ಬಾಡಿಗೆ ತೆಗೆದುಕೊಳ್ಳುವುದಿಲ್ಲ.
ಅದೇ ನೋಡಿ, ತಡೆಯಲಾಗದ್ದು.

ನಿನ್ನೆ ಭದ್ರಾವತಿಯವರ ಮೇಲೆ ಹನ್ನೊಂದು ಕೊಟ್ಟೆ.
ರಿಂಗಿಗೆ ಬೆನ್ನು ಮಾಡಿ ಚೆಂಡು ಹಿಡಿದ,
ಬಲಭುಜ ಒಂದು ಸುಳ್ಳು ಹೇಳಿತು, ಅವರ ಸೆಂಟರ್ ನಂಬಿದ,
ಮೇಟಿ ಕದಲಲಿಲ್ಲ,
ಎಡಗೈ, ಬೈಸಿಕೊಂಡ ಅದೇ ಎಡಗೈ, ಮೇಲೆದ್ದು
ಚೆಂಡನ್ನು ಹಲಗೆಗೆ ಮುಟ್ಟಿಸಿತು.
ರಿಂಗಿನ ಮೇಲೆ ಎರಡು ಸುತ್ತು. ಹೊರಗೆ.
ಅದು ಬೀಳುವಷ್ಟರಲ್ಲಿ ಅವನು ಇನ್ನೊಮ್ಮೆ ನೆಗೆದಿದ್ದ.
ಆ ಎರಡನೇ ನೆಗೆತ ನಾನು ಹೇಳಿಕೊಟ್ಟದ್ದಲ್ಲ.
ಆಮೇಲಿನದು ಸರಿಯಾಗಿ ನೋಡಲಿಲ್ಲ,
ವಾಚು ನೋಡುತ್ತಿದ್ದೆ.

ಎರಡು ಪಾಯಿಂಟಿನಲ್ಲಿ ಸೋತೆವು.
ಗುರುಬಸಪ್ಪನವರು ಮಾತಾಡಿಸದೆ ಸ್ಕೂಟರ್ ಹತ್ತಿದರು.
ಬೆಂಚಿನ ಮೇಲೆ ಹಾಲೇಶ, ಎರಡೂ ಮಂಡಿಗೆ
ಮೀನು ಮಾರ್ಕೆಟ್ಟಿನಿಂದ ತಂದ ಐಸು, ಬಂಗುಡೆಯ ವಾಸನೆ.
‘ಮುಂದಿನ ಸಲ ಹದಿಮೂರಾ ಮೇಡಂ?’

ಟವೆಲ್ಲು ಬಿಗಿಯಾಗಿ ಕಟ್ಟು, ಎಂದೆ,
ಐಸು ಜಾರ್ತಿದೆ.